ಅಕ್ಕನಿಂದ ಕಸಿದುಕೊಂಡ ಬೆಳಗುಗಳು

ಹೊಸಪೇಟೆಯ ಯೋಗದ ತರಗತಿಗೆ ಅಂದು ಯಾರೋ ನೆಗಡಿಯವರು ನೀಲಗಿರಿ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ಕಲಿಸುವ ಹುಡುಗಿ, "ಅವಸರ ಮಾಡಬೇಡಿ, ಒಳಗೆ ಬರುವ ಉಸಿರನ್ನು ಸುಮ್ಮನೆ ಗಮನಿಸಿ" ಎನ್ನುತ್ತಿದ್ದಳು. ನನ್ನ ಗಮನವೆಲ್ಲ ಆ ವಾಸನೆಯ ಹಿಂದೆ ಹೋಯಿತು. ಮುಚ್ಚಿದ ಕಣ್ಣಿನೊಳಗೆ ಸಂಡೂರಿನ ನಮ್ಮ ಮಣ್ಣಿನ ಮಾಳಿಗೆಯ ಮನೆ ಬಂದು ನಿಂತಿತು: ಅದಿರಿನ ಧೂಳಿಗೆ ಕೆಂಪೇರಿದ ಗೋಡೆ, ಹಿತ್ತಲಿನ ನುಗ್ಗೆಮರ, ಎದೆಗೆ ನೀಲಗಿರಿ ಎಣ್ಣೆ ಹಚ್ಚಿಸಿಕೊಂಡು ಅವ್ವನ ಮುಂದೆ ಕುಳಿತ ನನ್ನ ಅಕ್ಕ ಶಾಂತಾ. ಆ ಮನೆ ಈಗಿಲ್ಲ. ನಿಮಗೂ ಅಂಥದೊಂದು ಮನೆ ಇದ್ದೀತು, ಯಾವುದೋ ವಾಸನೆಯಲ್ಲಷ್ಟೇ ಉಳಿದದ್ದು.

ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕನಿಗೆ ಉಬ್ಬಸವಿತ್ತು. ನಮ್ಮ ತಾತ, ಅಪ್ಪನ ಅಪ್ಪ, ಹರೆಯದಲ್ಲಿ ಹಂಪಿ ಬಜಾರಿನಲ್ಲಿದ್ದಾಗ ಸಾಧುವೊಬ್ಬರಿಂದ ಉಸಿರಿನ ಅಭ್ಯಾಸ ಕಲಿತಿದ್ದ. ದಿನಾ ಬೆಳಕು ಹರಿಯುವ ಹೊತ್ತಿಗೆ ಅಕ್ಕನನ್ನು ನಿಚ್ಚಣಿಕೆ ಹತ್ತಿಸಿ ಮನೆಯ ಮೇಲಿನ ಬಯಲು ಮಾಳಿಗೆಗೆ ಕರೆದೊಯ್ದು, ಕಂಬಳಿಯ ಮೇಲೆ ಕೂರಿಸಿ, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿಸುತ್ತಿದ್ದ. ಆಮೇಲೆ, "ಈಗ ಏನೇನ್ ಕೇಳ್ತು, ಹೇಳವ್ವಾ" ಅನ್ನುತ್ತಿದ್ದ. ಗುಡ್ಡದ ಏರಿನಲ್ಲಿ ಲಾರಿ ಗೇರು ಬದಲಿಸಿದ್ದು, ಪಕ್ಕದವರ ಅಂಗಳಕ್ಕೆ ನೀರು ಬಿದ್ದದ್ದು, ಪಾರಿವಾಳ ರೆಕ್ಕೆ ಕೊಡವಿದ್ದು, ಒಂದೊಂದನ್ನೂ ಅಕ್ಕ ತಡೆತಡೆದು ಹೇಳುತ್ತಿದ್ದಳು. ಪ್ರತಿಯೊಂದಕ್ಕೂ ತಾತನ ತೃಪ್ತಿಯ "ಹ್ಞೂಂ". ಬೆಳಕಿಂಡಿಯಿಂದ ಇಳಿದು ಬರುವ ಆ ಒಂದೊಂದು ಹ್ಞೂಂಕಾರಕ್ಕೂ ಕೆಳಗೆ ಹಾಸಿಗೆಯಲ್ಲಿ ನನ್ನ ಹೊಟ್ಟೆ ಉರಿಯುತ್ತಿತ್ತು. ನಾನೂ ಬರುತ್ತೇನೆಂದರೆ, "ನಿಂಗ್ಯಾಕವ್ವ, ನಿನ್ ಉಸಿರು ಗಟ್ಟಿ ಐತಿ, ಮಲ್ಕೋ" ಅನ್ನುವನು. ಗಟ್ಟಿ ಉಸಿರು ಕೊಟ್ಟ ದೇವರ ಮೇಲೆ ಸಿಟ್ಟು ಬರುತ್ತಿತ್ತು. ಕನ್ನಡಿಯ ಮುಂದೆ ನಿಂತು ಉಬ್ಬಸದ ಕೆಮ್ಮು ಕಲಿಯಲು ನೋಡಿದ್ದೂ ಉಂಟು.

ಒಂದು ಚಳಿಗಾಲ, ನನಗಾಗ ಎಂಟು ವರ್ಷವಿರಬೇಕು, ಅವ್ವನ ಬಳಿ ಹೋಗಿ ಹೇಳಿದೆ: "ಮಾಳಿಗಿ ಮ್ಯಾಲ ಅಕ್ಕ ಥಂಡಿಗೆ ಗಡಗಡ ನಡಗ್ತಾಳಬೇ. ಎದಿ ಹಿಡ್ಕೊಂಡು ಕೆಮ್ತಾಳ. ಯಾರಿಗೂ ಹೇಳಬ್ಯಾಡ ಅಂದಾಳ." ಅಪ್ಪಟ ಸುಳ್ಳು. ಅವ್ವ ಸಂಜೆ ಸೆರಗು ಸರಿಮಾಡಿಕೊಂಡು ತಾತನ ಮುಂದೆ ನಿಂತಳು. "ಮಾವಾ, ಚಳಿ ಹೋಗೋತನಕ ಶಾಂತಿನ್ನ ಮ್ಯಾಲ ಕರ್ಕೊಂಡ್ ಹೋಗಬ್ಯಾಡ್ರಿ." ತಾತ ನನ್ನ ಕಡೆ ಒಮ್ಮೆ ನೋಡಿ, "ಆಗಲಿ" ಎಂದ.

ಮರುದಿನ ನಾನು ನಿಚ್ಚಣಿಕೆ ಹತ್ತಿದೆ. ತಾತ ಕಂಬಳಿಯಲ್ಲಿ ಜಾಗ ಬಿಟ್ಟ. ಇಡೀ ಮಾಳಿಗೆ ನನ್ನದಾಯಿತು, ಇಡೀ ತಾತ ನನ್ನವನಾದ. ಏನು ಕೇಳಿತೆಂದರೆ ಅಕ್ಕನನ್ನು ಮೀರಿಸುವ ಹಟಕ್ಕೆ ನವಿಲು, ರೈಲು, ಆನೆ ಎಂದು ಪಟ್ಟಿ ಒಪ್ಪಿಸಿದೆ. "ಆನಿ ಸೈತ ಬಂದಿತ್ತೇನು?" ಎಂದ ತಾತ, ನಗದೆ. ಐದಾರು ದಿನಕ್ಕೆ ನನ್ನ ಪ್ರಾಣಿಗಳೆಲ್ಲ ಮುಗಿದವು. ಆಮೇಲೊಂದು ಬೆಳಿಗ್ಗೆ, ಹೇಳಲು ಏನೂ ಇಲ್ಲದೆ ಸುಮ್ಮನೆ ಕುಳಿತಾಗ, ಮೊದಲ ಸಲ ನಿಜವಾಗಿ ಏನೋ ಕೇಳಿಸಿತು. ಒಲೆಯ ಹೊಗೆಯ ಜೊತೆ ಬೆಳಕಿಂಡಿಯಿಂದ ಅಕ್ಕನ ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತ ಮೇಲೇರಿ ಬರುತ್ತಿತ್ತು. ನಡುವೆ ಒಂದೊಂದು ಸಲ ನಿಂತೇ ಹೋದಂತಾಗುತ್ತಿತ್ತು. "ಇವತ್ತು ಏನ್ ಕೇಳ್ತವ್ವಾ?" ಎಂದ ತಾತ. ನನಗೆ ಅಳು ಒತ್ತರಿಸಿ ಬಂತು. "ನಾ ಸುಳ್ಳು ಹೇಳಿದ್ದೆ ತಾತ. ಅಕ್ಕ ಇಲ್ಲಿ ಕೆಮ್ಮಿದ್ದೇ ಇಲ್ಲ."

ತಾತ ನನ್ನ ಬೆನ್ನ ಮೇಲೆ ಕೈಯಿಟ್ಟ. "ಗೊತ್ತಿತ್ತು. ಹೋಗು, ಅಕಿನ್ನ ಕರ್ಕೊಂಬಾ. ನಿಮ್ಮವ್ವಗ ನಾ ಹೇಳ್ತೀನಿ" ಎಂದ. ಏನು ಹೇಳಿದನೋ, ನನ್ನ ಸುಳ್ಳು ಮಾತ್ರ ಅವ್ವನ ಕಿವಿಗೆ ಬೀಳಲಿಲ್ಲ. ಆಮೇಲೆ ನಾವು ಮೂವರೂ ಕೂರತೊಡಗಿದೆವು. ಅಕ್ಕನ ಸಿಳ್ಳೆ ಮೆಲ್ಲಗೆ ಇಳಿಯಿತು. ಆದರೂ ತಾತ ಯಾರ ಕಡೆ ಹೆಚ್ಚು ವಾಲಿದ್ದಾನೆಂದು ನಾನು ಅರೆಗಣ್ಣಲ್ಲಿ ಅಳೆಯುವುದು ತಪ್ಪಲಿಲ್ಲ.

ತಾತ ಹೋದ, ಅಪ್ಪ ಹೋದ, ಹೋದ ವರ್ಷ ಅವ್ವನೂ ಹೋದಳು. ಮನೆ ಕೊಂಡವರು ಅದನ್ನು ಕೆಡವಿ ಅಂಗಡಿಗಳನ್ನು ಕಟ್ಟಿಸಿದ್ದಾರೆ. ಕಂಪ್ಲಿಗೆ ಸೊಸೆಯಾಗಿ ಹೋದ ಅಕ್ಕ ಈಗಲೂ ಬೆಳಿಗ್ಗೆ ತಪ್ಪದೆ ಕೂರುತ್ತಾಳೆ. ಅಂದು ತರಗತಿಯಿಂದ ಹೊರಬಂದವಳೇ ಅವಳಿಗೆ ಫೋನು ಮಾಡಿ, ಇಷ್ಟು ವರ್ಷ ಬಚ್ಚಿಟ್ಟಿದ್ದ ಸುಳ್ಳನ್ನು ಹೇಳಿಬಿಟ್ಟೆ. ಅವಳು ಬೈಯುತ್ತಾಳೆಂದು ಕಾದೆ. ಅಕ್ಕ ನಕ್ಕಳು.

"ಉಸಿರು ಹತ್ತತಿತ್ತು, ಖರೆ. ಆದ್ರ ಆ ದಿನ ಭಾಳ ಚೊಲೋ ಇದ್ವು ನೋಡು. ನೀವು ಮ್ಯಾಲ ಹೋದಕೂಡ್ಲೆ ಅವ್ವ ನನ್ನ ತೊಡಿ ಮ್ಯಾಲ ಮಲಗಿಸ್ಕೊಂಡು, ಸೆರಗು ಹೊಚ್ಚಿ, ನನ್ನ ಕಿವ್ಯಾಗಷ್ಟ ಕೇಳೋಹಂಗ ಏನೋ ಗುನಗ್ತಿದ್ಲು. ನೀವು ಇಳಿಯೋ ಸಪ್ಪಳಾದ್ರ ಎದ್ದು ರೊಟ್ಟಿ ತಟ್ಟಾಕ ಹೋಗ್ತಿದ್ಲು."

ಅವ್ವ ಗುನುಗಿದ್ದನ್ನು ನಾನು ಒಮ್ಮೆಯೂ ಕೇಳಿದವಳಲ್ಲ. ಐವತ್ತು ದಾಟಿದ ನನ್ನ ಹೊಟ್ಟೆಯಲ್ಲಿ, ರಸ್ತೆಯ ಬದಿಯಲ್ಲೇ, ಆ ಹಳೆಯ ಕಿಚ್ಚು ಭಗ್ಗೆಂದಿತು.

"ಹೆಂಗ ಗುನಗ್ತಿದ್ಲು? ನಂಗೂ ಸ್ವಲ್ಪ ಕೇಳಸ" ಎಂದೆ.

ಅಕ್ಕ ಗಂಟಲು ಸರಿಮಾಡಿಕೊಂಡು ಒಂದೆಳೆ ಗುನುಗಿದಳು, ನಿಲ್ಲಿಸಿದಳು, ಮತ್ತೆ ಮೊದಲಿಂದ ಶುರುಮಾಡಿ ಅಲ್ಲಿಗೇ ಬಂದು ನಿಂತಳು. "ಮುಂದ ಬರವಲ್ದಲೇ" ಎಂದಳು. ಮುಂದಿನದನ್ನು ಹೇಳಿಕೊಡುವವರು ನಮಗಿಬ್ಬರಿಗೂ ಯಾರೂ ಉಳಿದಿರಲಿಲ್ಲ.