ನಮ್ಮನ್ನ ಟ್ರಾನ್ಸ್‌ಫರ್ ಮಾಡಿದಾರಂತೆ!

“ನಮ್ಮನ್ನ ಎಲ್ಲಿಗೋ ಟ್ರಾನ್ಸ್‌ಫರ್ ಮಾಡಿದಾರಂತೆ ಕಣೇ!” ಎಂದು ಚಾಮರಾಜಪೇಟೆಯ ನಮ್ಮ ವಠಾರದ ವಿಶಾಲಮ್ಮ ಮೊಬೈಲ್ ಹಿಡಿದು ಓಡಿಬಂದರು. ಅವರಿಗೆ ಗ್ಯಾಸ್ ಕೊಡುತ್ತಿದ್ದ ಏಜೆನ್ಸಿ ಬಾಗಿಲು ಹಾಕಿತ್ತು. ಮರುದಿನವೇ ಮಗಳ ಸೀಮಂತ, ಮನೆಯಲ್ಲಿದ್ದ ಸಿಲಿಂಡರ್ ಖಾಲಿ. ಗೇಟಿನ ಹತ್ತಿರ ಒಬ್ಬ ಸಿಲಿಂಡರ್ ಇಳಿಸಿಕೊಂಡು, “ಏಜೆನ್ಸಿನೇ ಇಲ್ಲ ಅಂದ್ಮೇಲೆ ನಾವು ಹೇಳಿದ್ದೇ ರೇಟು ಅಮ್ಮಾ” ಎಂದು ದುಪ್ಪಟ್ಟು ಕೇಳುತ್ತಿದ್ದ. ವಿಶಾಲಮ್ಮ ಆಗಲೇ ಪರ್ಸ್ ತೆರೆದಿದ್ದರು.

ಮೆಸೇಜ್ ಓದಿದೆ. ‘ನಿಮ್ಮ ಸಂಪರ್ಕವನ್ನು ಬಸವನಗುಡಿಯ ಏಜೆನ್ಸಿಗೆ ವರ್ಗಾಯಿಸಲಾಗಿದೆ’ ಎಂದಿತ್ತು, ಅಷ್ಟೇ! ಸರ್ಕಾರಿ ಗುಮಾಸ್ತರಾಗಿದ್ದ ಗಂಡನ ಹಿಂದೆ ಊರೂರು ಅಲೆದ ವಿಶಾಲಮ್ಮನಿಗೆ ವರ್ಗಾವಣೆ ಅಂದರೆ ಗಂಟುಮೂಟೆ ಕಟ್ಟುವುದೇ.

“ಏಜೆನ್ಸಿ ಮುಚ್ಚಿದ್ರೆ ನಿಮ್ಮ ಕನೆಕ್ಷನ್ ಮುಚ್ಚಲ್ಲಮ್ಮಾ. ರೇಟು ಮೊದಲೇ ಗೊತ್ತುಮಾಡಿರ್ತಾರೆ, ಯಾರೇ ತಂದ್ರೂ ಅದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ” ಎಂದು ಅವನಿಗೂ ಕೇಳುವಂತೆ ಹೇಳಿ, ಅಲ್ಲೇ ನಿಂತು ಹೊಸ ಏಜೆನ್ಸಿಗೆ ಫೋನ್ ಮಾಡಿ ಬುಕ್ ಮಾಡಿದೆ. ಅವನು ಸಿಲಿಂಡರ್ ಹೊತ್ತುಕೊಂಡು ಜಾಗ ಖಾಲಿ ಮಾಡಿದ. ಮರುದಿನ ಬೆಳಿಗ್ಗೆ ಗ್ಯಾಸ್ ಗಾಡಿ ಬಂದಾಗ ವಠಾರವೆಲ್ಲ ಚಪ್ಪಾಳೆ!

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಅದು ಕೈಗೆ ಬಂದ ದಿನವೂ ಆಗದಷ್ಟು ಖುಷಿ, ಸೀಮಂತದ ಪಂಕ್ತಿಯಲ್ಲಿ ವಿಶಾಲಮ್ಮ, “ನಮ್ ಟ್ರಾನ್ಸ್‌ಫರ್ ಆಫೀಸರ್‌ಗೆ ಇನ್ನೊಂದು ಹೋಳಿಗೆ ಹಾಕ್ರೋ!” ಎಂದು ಕೂಗಿದಾಗ ಆಯಿತು.