ಮುಟ್ಟಲಾಗದ ಹಗುರ ರೈಫಲ್

ಕೊರೊನಾ ಕಾಲದಲ್ಲಿ ಜಪಾನಿನ ನಗೋಯಾದ ನಮ್ಮ ಆಫೀಸು ಮನೆಗೇ ಬಂದು ಕೂತಿತ್ತು. ನಾನು ಅಣ್ಣ ಎಂದು ಕರೆಯುತ್ತಿದ್ದ ಮಡಿಕೇರಿಯ ಹಿರಿಯ ಸಹೋದ್ಯೋಗಿ ಮಾತ್ರ ರಜೆ ಸಿಕ್ಕಾಗಲೆಲ್ಲ ಜಿಂಕೆ ಬೇಟೆಗೆ ಬೆಟ್ಟ ಹತ್ತುತ್ತಿದ್ದರು. ತಮ್ಮ ತೋಳಿನ ಅಳತೆಗೇ ಮಾಡಿಸಿಕೊಂಡ, ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆಯುವ ಬೋಲ್ಟ್ ಆಕ್ಷನ್ ರೈಫಲ್. ಹೆಗಲಿಗೊತ್ತುವ ಹಿಡಿ ಮರದ ಬದಲು ಹಗುರವಾದ ಕಾರ್ಬನ್ ಫೈಬರ್‌ನದು. ಒಂದೇ ಕೈಯಲ್ಲಿ ಎತ್ತುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಹಾಗಾಗಿ ವಾದಕ್ಕಿಳಿಯುತ್ತಿದ್ದೆ.

ಒಂದು ಭಾನುವಾರ ಜೊತೆಗೆ ಹೋದವನು ಏರುದಾರಿಯಲ್ಲೇ ಶುರುಮಾಡಿದೆ. "ಹಗುರ ಬಂದೂಕು ಹೆಗಲಿಗೆ ಜೋರಾಗಿ ಒದೆಯತ್ತೆ. ತೂಕ ಇಳಿಸೋದಾದ್ರೆ ಮೊದಲು ಹೊಟ್ಟೆ ಇಳಿಸಿ, ಅಣ್ಣಾ."

"ಆಯ್ತಪ್ಪಾ, ನೀನೇ ಗೆದ್ದೆ. ಮೊದಲು ಮಾಸ್ಕ್ ತೆಗೆದು ಉಸಿರಾಡು."

"ಒಂದ್ಸಲ ಕೊಡಿ, ಹಿಡಿದು ನೋಡ್ತೀನಿ."

"ಇಲ್ಲಿ ಲೈಸೆನ್ಸ್ ಇಲ್ಲದವರು ಮುಟ್ಟಂಗಿಲ್ಲ ಕಣೋ. ನನ್ನ ಹೆಂಡ್ತಿನೂ ಮುಟ್ಟಿಲ್ಲ."

ಚಾಚಿದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಅವರು ಮಂಡಿಯೂರಿ ಗುರಿಯಿಟ್ಟರು. ತಪ್ಪಲಿ ಎಂದು ಮನಸಾರೆ ಹಾರೈಸಿದೆ. ಒಂದೇ ಗುಂಡಿಗೆ ಎದುರಿನ ಇಳಿಜಾರಿನಲ್ಲಿ ಜಿಂಕೆ ಬಿತ್ತು.

ಮಾಂಸ ಕೊಯ್ದು ಚೀಲಕ್ಕೆ ತುಂಬಿ, "ಇದನ್ನ ಯಾರು ಬೇಕಾದ್ರೂ ಮುಟ್ಟಬಹುದು" ಎಂದು ನನ್ನ ಬೆನ್ನಿಗೆ ಹೊರಿಸಿದರು. ರೈಫಲ್ ಹೆಗಲಿಗೆ ನೇತುಹಾಕಿಕೊಂಡು ಸಿಳ್ಳೆ ಹಾಕುತ್ತ ಮುಂದೆ ಇಳಿದರು. ಬೆಟ್ಟದ ಬುಡ ಮುಟ್ಟುವವರೆಗೂ ನಾನು ನೋಡಿದ್ದು ಆ ರೈಫಲನ್ನೇ.