ಭಾವನ ಬೆರಳಿಗೆ ಒಗ್ಗದ ಫೋನು

ಮಾತೇ ಬಾರದ ಮನುಷ್ಯ ಫೋನ್ ಮಾಡಿ ಏನು ಹೇಳಬಹುದು? ಹೋದ ವಾರ ನನ್ನ ಭಾವ ಮಾಡಿದರು.

ಅಕ್ಕ-ಭಾವ ಇರುವುದು ಕಲ್ಯಾಣದಲ್ಲಿ, ನಾವು ಪಕ್ಕದ ಊರು ಡೊಂಬಿವಲಿಯಲ್ಲಿ. ಭಾವ ಉಡುಪಿ ಕಡೆಯವರು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ಅವರ ದನಿ ರಸ್ತೆಗೆ ಕೇಳುತ್ತಿತ್ತು. ಹೋದ ವರ್ಷ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಜೊತೆಗೆ ಮಾತೂ ಹೋಯಿತು. ಉಳಿದದ್ದು ಸ್ವಲ್ಪ ನಡುಗುವ ಎಡಗೈ.

ಅಂಥವರಿಗೆ ಸ್ಮಾರ್ಟ್‌ಫೋನಿಗಿಂತ ದೊಡ್ಡ ಉಪಕಾರ ಇನ್ನೇನಿದೆ? ಹಾಗಂತ ನಾನು ಠಾಣೆಯ ಮಾಲ್‌ಗೆ ಹೋಗಿ, ಇದ್ದುದರಲ್ಲೇ ಪವರ್‌ಫುಲ್ ಆದದ್ದನ್ನು ತಂದೆ. "ಇಸ್‌ಮೇ ಸಬ್ ಕುಛ್ ಹೈ, ಅಂಕಲ್" ಎಂದಿದ್ದಳು ಸೇಲ್ಸ್ ಹುಡುಗಿ; ಎಲ್ಲವೂ ಇದರಲ್ಲೇ ಇದೆಯಂತೆ. ಪ್ರೊಸೆಸರ್ ಬಗ್ಗೆಯೂ ಏನೋ ವಿವರಿಸಿದಳು. (ಅರ್ಥವಾಗಲಿಲ್ಲ. ತಲೆಯಾಡಿಸಿದೆ.) ಚಿತ್ರ ಒತ್ತಿದರೆ ಸಾಕು, ನೀರು ಬೇಕು, ಊಟ ಬೇಕು ಎಂದು ಫೋನೇ ಮಾತಾಡುತ್ತಿತ್ತು.

ಭಾವ ಕೆಲವು ದಿನ ಪ್ರಯತ್ನಪಟ್ಟರು. ನಡುಗುವ ಬೆರಳು ಒಂದು ಕಡೆ ತಾಗಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು. ಒಮ್ಮೆ ನೀರು ಕೇಳಲು ಹೋದಾಗ ಕ್ಯಾಮೆರಾ ತೆರೆಯಿತು. ಪರದೆಯ ತುಂಬ ಅವರದೇ ಸೊಟ್ಟಗಾದ ಬಾಯಿ. ಆಮೇಲೆ ಅವರು ಅದನ್ನು ಮುಟ್ಟಲಿಲ್ಲ. ಕಲಿಯುವ ಮನಸ್ಸೇ ಇಲ್ಲ ಎಂದು ನಾನು ಡೊಂಬಿವಲಿಗೆ ಬಂದು ಹೆಂಡತಿಯ ಹತ್ತಿರ ಗೊಣಗಿದೆ.

ಹೋದ ವಾರ ಅಕ್ಕ ತರಕಾರಿ ತರಲು ಮಾರ್ಕೆಟ್ಟಿಗೆ ಹೋಗಿದ್ದಾಗ ಭಾವ ಬಾತ್‌ರೂಮಿನಲ್ಲಿ ಜಾರಿ ಬಿದ್ದರು. ಕೂಗುವಂತಿಲ್ಲ, ಏಳಲಾಗದು. ಅಂಗಿಯ ಜೇಬಿನಲ್ಲಿ ಅವರ ಹಳೆಯ ಬಟನ್ ಫೋನಿತ್ತು. ಎರಡು ಎಂಬ ಅಂಕಿಯ ಬಟನ್ ಒತ್ತಿ ಹಿಡಿದರೆ ಅಕ್ಕನಿಗೆ ಕಾಲ್ ಹೋಗುವಂತೆ ಇಬ್ಬರೂ ಯಾವತ್ತೋ ಮಾಡಿಟ್ಟುಕೊಂಡಿದ್ದರು. ಭಾವ ಮಲಗಿದಲ್ಲೇ ತಡವಿ ಅದನ್ನು ಒತ್ತಿದರು.

ಅಕ್ಕ ಹಲೋ ಅಂದರೆ ಆ ಕಡೆ ಮಾತಿಲ್ಲ. ಫೋನನ್ನು ನೆಲಕ್ಕೆ ಕುಟ್ಟುವ ಸದ್ದು ಮಾತ್ರ. ಅವಳು ಚೀಲವನ್ನು ಅಲ್ಲೇ ಬಿಟ್ಟು ರಿಕ್ಷಾ ಹತ್ತಿದಳು.

ಸುದ್ದಿ ತಿಳಿದು ನಾನು ಹೋಗುವಾಗ ಭಾವನ ಹಣೆಗೆ ಪಟ್ಟಿ ಕಟ್ಟಿತ್ತು. ಜೀವಕ್ಕೆ ಅಪಾಯವಿರಲಿಲ್ಲ. ಹೊಸ ಫೋನು ಆಗುವುದಿಲ್ಲ ಎಂದು ನನಗೆ ಯಾಕೆ ಹೇಳಲಿಲ್ಲ ಎಂದು ಅಕ್ಕನನ್ನು ಕೇಳಿದೆ.

"ನೀನು ಅಷ್ಟು ಪ್ರೀತಿಯಲ್ಲಿ ತಂದದ್ದು, ಹೇಗೆ ಹೇಳುದು ಮಾರಾಯ? ಅದನ್ನು ನೋಡಿಕೊಂಡೇ ಒತ್ತಬೇಕು. ಇದಾದ್ರೆ ಬೆರಳಿಗೇ ಗೊತ್ತಾಗ್ತದೆ. ಈಗ ಅವರಿಗೆ ಧೈರ್ಯ ಅಂತ ಇರುದು ಇದೊಂದೇ."

ಭಾವ ಎಡಗೈಯಿಂದ ನನ್ನ ಮೊಣಕಾಲು ತಟ್ಟಿದರು. ಬೇಜಾರು ಮಾಡಬೇಡ ಎನ್ನುವ ಹಾಗೆ. ನನಗೆ ಅವರ ಮುಖ ನೋಡಲಾಗಲಿಲ್ಲ.

ಇಷ್ಟೊಂದು ಶಕ್ತಿಯ ಫೋನುಗಳು ಬಂದರೂ ಜನ ಯಾಕೆ ಮುಗಿಬೀಳುವುದಿಲ್ಲ ಎಂದು ಪೇಪರಿನವರು ತಲೆ ಕೆಡಿಸಿಕೊಳ್ಳುತ್ತಾರೆ. ರೇಟು ಜಾಸ್ತಿ, ಬ್ಯಾಟರಿ ಕಮ್ಮಿ ಅನ್ನುತ್ತಾರೆ. ಇರಬಹುದು. ಆದರೆ ಕೈಯಲ್ಲಿ ಹಿಡಿದ ವಸ್ತು ನಮ್ಮನ್ನೇ ಪೆದ್ದರನ್ನಾಗಿ ಮಾಡಿದರೆ, ಅದನ್ನು ದುಡ್ಡು ಕೊಟ್ಟು ಯಾರು ತರುತ್ತಾರೆ?

ಫೋನಿಗೆ ಏನೇನು ಬರುತ್ತದೆ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಿಮಗೇನು ಕಷ್ಟ ಎಂದು ಮೊದಲು ಕೇಳುವವರು ಯಾರು?